ಆಪಾ ಅನ್ನದ ಹನ್ನೆರಡು ದಿನ

"ಆಪಾ... ಹಿಡಿಕಿ ಎಳೀರಿ, ಹಿಡಿಕಿ!"

ಯಾರೋ ಓಡುತ್ತ ಕೂಗಿದ್ದು ಮೆಹರಾಜಳಿಗೆ ಕೇಳಿಸಿತು. ಆದರೆ ಯಾವ ಹಿಡಿಕೆ? ಅವಳ ಸುತ್ತ ಹಿಡಿಕೆಗಳಿಗೇನು ಬರವೇ? ದೊಡ್ಡದೊಂದು, ಸಣ್ಣವೆರಡು, ಮುಂದೆ ಇನ್ನೊಂದು... ಯಾವುದನ್ನು ಮುಟ್ಟಿದ್ದಕ್ಕೆ ಈ ಜೀಪು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹೊರಟಿತ್ತೋ, ಅದೇ ನೆನಪಾಗಲಿಲ್ಲ.

ಮುಂದೆ ಬಾವಿ. ಬಾವಿಯ ಕಟ್ಟೆ ಹತ್ತಿರ ಬರುತ್ತಲೇ ಇತ್ತು. ಮೆಹರಾಜ ಕಣ್ಣು ಮುಚ್ಚಿ ಕಲ್ಮಾ ಹೇಳಿಕೊಂಡಳು.

ಅಷ್ಟರಲ್ಲಿ ಒಂದು ತೋಳು ಅವಳೆದುರು ಹಾದು ಒಳಗೆ ಬಂತು. ಕಿರ್ರ್ ಅಂತ ಸದ್ದಾಗಿ ಜೀಪು ನಿಂತಿತು. ಕಣ್ಣು ತೆರೆದರೆ ಬಾವಿಯ ಕಟ್ಟೆಗೆ ಒಂದೇ ಗೇಣು ಉಳಿದಿತ್ತು. ಅವಳ ಮುಖಕ್ಕೂ ಆ ತೋಳಿನ ಒಡೆಯನ ಮುಖಕ್ಕೂ ನಡುವೆ ಇದ್ದದ್ದು ಅಷ್ಟೇ ಗೇಣು.

ಓಡಿ ಬಂದ ಉಸಿರು. ಹಣೆಯ ಮೇಲೆ ಬೆವರು. ಕಣ್ಣಲ್ಲಿ ಮಾತ್ರ ತಡೆದುಕೊಂಡ ನಗು.

"ಜೀವ ಐತಿಲ್ರಿ ಆಪಾ?"

"ಐತಿ. ಯಾರ ನೀವು?"

"ಈ ಗಾಡಿ ಡ್ರೈವರ್ರಿ. ಮೈಬೂಬ ಅಂತಾರ, ಕನ್ನೊಳ್ಳಿಯಂವ. ನೀವು ಇಂಡಿಯಿಂದ ಬಂದ ಹೊಸ ನರ್ಸ್ ಹೌದಲ್ರಿ? ಗಾಡಿ ಕಲಿಸೂದು ನಾಳಿಂದ ಅಂತ ಅಮ್ಮ ಹೇಳಿದ್ರು. ನೀವು ಇವತ್ತ ಚಾಲೂ ಮಾಡಿಬಿಟ್ರಿ."

"ನಾ ಏನೂ ಮಾಡಿಲ್ಲ," ಎಂದಳು ಮೆಹರಾಜ ಸೆರಗು ಸರಿಪಡಿಸಿಕೊಳ್ಳುತ್ತ. "ಸುಮ್ಮ ಕುಂತಿದ್ದೆ."

"ಹೌದ್ರಿ ಆಪಾ. ಅದೂ ಸುಮ್ಮನ ಹೊಂಟಿತ್ತು."

ಎಂಥ ಸೊಕ್ಕು ಇವನಿಗೆ... ಅಂದುಕೊಂಡಳು ಮೆಹರಾಜ. ಆದರೆ ಎದೆಯ ಬಡಿತ ಜೀಪು ನಿಂತ ಮೇಲೂ ನಿಂತಿರಲಿಲ್ಲ. ಅದು ಹೆದರಿಕೆಗೆ ಅಂತ ತನಗೆ ತಾನೇ ಹೇಳಿಕೊಂಡಳು. ಇಪ್ಪತ್ತಮೂರು ವರ್ಷದ ಹುಡುಗಿ, ಇನ್ನೇನು ಹೇಳಿಕೊಂಡಾಳು?

ಇದು ಅರವತ್ತೊಂದನೇ ಇಸವಿಯ ಮಾತು. ಮನಗೂಳಿಯ ಅಂಚಿನಲ್ಲಿ ಖಾತುನಬಿ ಅನ್ನುವ ಮುದುಕಿ ತನ್ನ ಹಳೆಯ ಮನೆಯಲ್ಲೇ ಒಂದು ಹೆರಿಗೆ ದವಾಖಾನೆ ನಡೆಸುತ್ತಿದ್ದಳು. ಊರಿಗೆಲ್ಲ ಅವಳು ಅಮ್ಮ. ಅವಳ ಒಬ್ಬಳೇ ಮಗಳು ಹೆರಿಗೆ ನೋವಿನಲ್ಲಿ ಎತ್ತಿನ ಗಾಡಿಯಲ್ಲಿ ಬರುತ್ತಿದ್ದಾಗ ಗಾಡಿ ಎರೆ ಕೆಸರಿನಲ್ಲಿ ಹೂತು ಹಾದಿಯಲ್ಲೇ ಕಣ್ಣು ಮುಚ್ಚಿದ್ದಳು. ಆಮೇಲೆ ಖಾತುನಬಿ ಎಲ್ಲಿಂದಲೋ ಈ ಮಿಲಿಟರಿ ಜೀಪು ತರಿಸಿದ್ದಳು. ಯುದ್ಧ ನೋಡಿ ಬಂದ ಗಾಡಿ. ಸ್ಟೇರಿಂಗ್ ಎಡಕ್ಕೆ, ಮೇಲೆ ತೇಪೆ ಹಾಕಿದ ತಾಡಪತ್ರಿ. ಚೆಂದವೇನೂ ಇರಲಿಲ್ಲ. ಆದರೆ ಸಣ್ಣ ಹಿಡಿಕೆ ಎಳೆದರೆ ಹಿಂದಿನ ಗಾಲಿಗಳ ಜೊತೆ ಮುಂದಿನವೂ ದುಡಿಯುತ್ತಿದ್ದವು. ಎತ್ತು ಹೋಗದಲ್ಲಿಗೂ ಅದು ಹೋಗುತ್ತಿತ್ತು.

"ಡ್ರೈವರ್ ಬರ್ತಾರ, ಹೋಗ್ತಾರ," ಎಂದಿದ್ದಳು ಖಾತುನಬಿ ಮೊದಲ ದಿನವೇ. "ಮೂರು ಮಂದಿ ಬಿಟ್ಟು ಹೋದ್ರು. ಹೊಟ್ಟಿ ನೋವು ಡ್ರೈವರ್ ಬರೂ ತನಕ ಕಾಯೂದಿಲ್ಲವ್ವಾ. ಹಡಸೂ ಕೈನ ಗಾಡೀನೂ ಹೊಡೀಬೇಕು. ಎರಿ ಕೆಸರು ಆರೂದರಾಗ ನೀ ಒಬ್ಬಾಕೀನ ಸ್ಟೇರಿಂಗ್ ಹಿಡದು ಡೋಣಿ ಹೊಳಿ ದಾಟಬೇಕು. ಆಗೂದಿಲ್ಲ ಅಂದ್ರ ಗಾಡಿ ವಿಜಾಪುರದ ದೊಡ್ಡ ದವಾಖಾನಿಗೆ ಕೊಟ್ಟುಬಿಡ್ತೇನಿ. ಇಲ್ಲಿ ನಿಂತು ತುಕ್ಕು ಹಿಡಿಯೂದು ನನಗ ನೋಡಾಕ ಆಗೂದಿಲ್ಲ."

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತಾರಲ್ಲ, ಆ ಡೋಣಿ. ಅನ್ನ ಕೊಡುವ ಕೆಸರೇ ಗಾಲಿ ನುಂಗುವ ಕೆಸರು. ಹೊಳೆಯಾಚೆ ಏಳೆಂಟು ಹಳ್ಳಿ. ಅಲ್ಲಿಯ ಹೆಂಗಸರಿಗೆ ಮಳೆಗಾಲದಲ್ಲಿ ಬೇರೆ ದಿಕ್ಕಿರಲಿಲ್ಲ.

"ಕಲೀತೇನಿ ಅಮ್ಮಾ," ಎಂದಿದ್ದಳು ಮೆಹರಾಜ. ಆ ಮಾತಿನ ತೂಕ ಆಗ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಪಾಠ ಶುರುವಾಯಿತು. ಹಿಂದಿನ ಸೀಟಿನಲ್ಲಿ ಕಾವಲಿಗೆ ದವಾಖಾನೆಯ ಆಯಾ ಮಾಬುಬಿ. ವಯಸ್ಸಾದ ಹೆಂಗಸು. ಬಾಯಿಗೆ ಎಲೆಯಡಿಕೆ ಹಾಕಿಕೊಂಡು, ಗಾಡಿ ಊರು ಬಿಡುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು. ಕಾವಲು ಅಂದರೆ ಕಾವಲೇ ಅನ್ನಿ!

"ಹೆಬ್ಬೆಟ್ಟು ಹೊರಗ ಇಡ್ರಿ ಆಪಾ. ಸ್ಟೇರಿಂಗ್ ಒಳಗ ಸಿಗಸಬ್ಯಾಡ್ರಿ."

"ಯಾಕ?"

"ಗಾಲಿ ಕಲ್ಲಿಗೆ ಬಡೀತಂದ್ರ ಸ್ಟೇರಿಂಗ್ ಗಕ್ಕನ ತಿರುಗತೈತಿ, ಹೆಬ್ಬೆಟ್ಟು ಮುರೀತೈತಿ. ಕೂಸು ಹಿಡಿಯೂ ಕೈರಿ ಅದು. ಜ್ವಾಪಾನ."

ಮೆಹರಾಜ ಹೆಬ್ಬೆಟ್ಟು ಹೊರಗೆ ತೆಗೆದಳು. ನರ್ಸಿಂಗ್ ಕಲಿಯುವಾಗ ಅವಳ ಕೈಗೆ ಕೆಲಸ ಹೇಳಿದವರು ಬಹಳ ಮಂದಿ. ಕೈಯನ್ನು ಜೋಪಾನ ಮಾಡು ಅಂದವನು ಇವನೊಬ್ಬನೇ.

ಹಾದಿ ಬಿಟ್ಟು ಎರೆ ಹೊಲದ ಬದುವಿಗೆ ಇಳಿದರೆ ಬೇರೆಯದೇ ಲೋಕ. ಮಂಜು ಇನ್ನೂ ನೆಲ ಬಿಟ್ಟಿರುತ್ತಿರಲಿಲ್ಲ. ಆಗಷ್ಟೇ ಮೊಳೆತ ಜೋಳದ ಸಾಲುಗಳು ಕಪ್ಪು ಮಣ್ಣಿನ ಮೇಲೆ ಹಸಿರು ದಾರದ ಹಾಗೆ ಕಾಣುತ್ತಿದ್ದವು. ತೊಗರಿ ಹೂ ಬಿಟ್ಟಿತ್ತು. ಗಾಡಿ ತೊನೆಯುತ್ತ ಸಾಗುವಾಗ ಅವಳಿಗೆ ತಾನು ಎಚ್ಚರದಲ್ಲಿದ್ದೇನೆಯೋ ಕನಸಿನಲ್ಲಿದ್ದೇನೆಯೋ ತಿಳಿಯುತ್ತಿರಲಿಲ್ಲ.

"ಎರಿ ಮಣ್ಣು ಅಂದ್ರ ಸಿಟ್ಟಿನ ಅತ್ತಿ ಇದ್ದಂಗ್ರಿ ಆಪಾ," ಎನ್ನುತ್ತಿದ್ದ ಮೈಬೂಬ. "ಎದುರ ಆಡಬಾರದು, ಅಂಜಿ ನಿಂದ್ರಲೂಬಾರದು. ಸಾವಕಾಶ, ಒಂದ ಸಮ ಹೊಂಟಿರಬೇಕು. ಗಾಲಿ ಜಾರಿದ್ರ ಜಾರಲಿ. ತಿರುವಿ ತಿರುವಿ ಜಗಳಾಡಬ್ಯಾಡ್ರಿ."

"ಅತ್ತಿ ಕಾಟ ಭಾಳ ಗೊತ್ತಿದ್ದಂಗೈತಿ ನಿಮಗ."

"ಎಲ್ಲೀದ್ರಿ ಆಪಾ. ಲಗ್ನನ ಆಗಿಲ್ಲ."

ಆ ಮಾತಿಗೆ ಮೆಹರಾಜಳ ಕಾಲು ಕ್ಲಚ್ಚಿನಿಂದ ಜಾರಿತು, ಗಾಡಿ ಮುಗ್ಗರಿಸಿ ನಿಂತಿತು. ಹಿಂದಿನಿಂದ ಮಾಬುಬಿ ಕಣ್ಣು ಮುಚ್ಚಿಯೇ, "ಹೂಂ," ಅಂದಳು. ಯಾತಕ್ಕೆ ಅಂದಳೋ ಅಲ್ಲಾನೇ ಬಲ್ಲ.

ದಿನ ಕಳೆದಂತೆ ಅವಳ ಕೈ ಪಳಗಿತು. ಕೆಸರು ಕಂಡರೆ ಮೊದಲು ಇಳಿದು ಕಾಲಿನಲ್ಲಿ ತುಳಿದು ನೋಡುವುದು, ಆಮೇಲೆ ಗಾಲಿ ಹಾಕುವುದು. ಗಾಲಿಗೂ ತಗಡಿಗೂ ನಡುವೆ ಮೆತ್ತಿದ ಮಣ್ಣನ್ನು ಕುರಪಿಯಿಂದ ಕೆರೆದು ತೆಗೆಯುವುದು. ಹೂತರೆ ತೊಗರಿ ಕಟ್ಟಿಗೆ ಗಾಲಿಯ ಕೆಳಗೆ ಒಡ್ಡುವುದು. ಒಂದು ಸಲ ಹಾಗೆ ಒಡ್ಡುವಾಗ ಇಬ್ಬರೂ ಮೊಳಕೈವರೆಗೆ ಕೆಸರಾದರು. ಅವನು ನೀರಿನ ತಂಬಿಗೆ ಹಿಡಿದು ಅವಳ ಕೈ ಮೇಲೆ ಸುರಿದ. ಬೆರಳು ತಾಗದಂತೆ, ಬಹಳ ಎಚ್ಚರದಿಂದ ಸುರಿದ. ಆ ಎಚ್ಚರವೇ ಅವಳ ನಿದ್ದೆ ಕೆಡಿಸಿತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೂ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಮನಸ್ಸು ಮಂಜಿನ ಹೊಲದಲ್ಲಿ ಎಲ್ಲಿಗೂ ಮುಟ್ಟದ ಗಾಡಿಯಲ್ಲಿ ಹೋಗುತ್ತಲೇ ಇರುತ್ತಿತ್ತು.

ಒಂದೇ ಒಂದು ಮುಳ್ಳು. ಆಪಾ!

ಗೇರ್ ಹಾಕ್ರಿ ಆಪಾ, ನೋಡ್ರಿ ಆಪಾ, ಶಾಬಾಸ್ ಆಪಾ... ಉಸಿರಿಗೊಂದು ಅಕ್ಕ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಮಗೆಷ್ಟು ವಯಸ್ಸು?"

"ಇಪ್ಪತ್ತೆಂಟ್ರಿ ಆಪಾ."

"ನಾ ನಿಮಗಿಂತ ಐದು ವರ್ಷ ಸಣ್ಣಾಕಿ. ಆಪಾ ಯಾಕ ಅಂತೀರಿ?"

ಮೈಬೂಬ ತಲೆ ಕೆರೆದುಕೊಂಡ. "ದವಾಖಾನಿ ಆಪಾ ಅಲ್ರಿ ನೀವು. ಎಲ್ಲಾರಿಗೂ ಆಪಾನ. ಮರ್ಯಾದಿ ಮಾತು ಅದು."

ಮರ್ಯಾದೆಯಂತೆ! ಮೆಹರಾಜ ಗೇರನ್ನು ತುಸು ಜೋರಾಗಿಯೇ ತಳ್ಳಿದಳು. ಅವನು ತನ್ನನ್ನು ಅಕ್ಕನ ಹಾಗೇ ನೋಡುತ್ತಿದ್ದರೆ ಏನು ಮಾಡುವುದು? ಬಾಯಿ ಬಿಟ್ಟು ಕೇಳುವ ಮಾತೇ ಇದು?

ಮರುದಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಮಾಬುಬಿ ಸಹಜವಾಗಿ ಹೇಳಿದಳು.

"ಭಾಳ ಚೊಲೋ ಹೊಡ್ಯಾಕತ್ತೀಯವ್ವಾ. ಇನ್ನ ಎಂಟು ದಿನಕ್ಕ ಡೋಣಿ ದಾಟತಿ. ಪಾಪ, ಆ ಹುಡುಗಗೂ ಬಿಡುಗಡಿ ಆಗತೈತಿ."

"ಬಿಡುಗಡಿ?"

"ಗೊತ್ತಿಲ್ಲೇನು? ಕೊಯ್ನಾ ಆಣೆಕಟ್ಟಿನ ಕೆಲಸಕ್ಕ ಅವಗ ಕರಿ ಬಂದೈತಿ. ನೀ ಒಬ್ಬಾಕೀನ ಹೊಳಿ ದಾಟಿದ ಮರುದಿನ ಹೋಗ್ತೇನಿ ಅಂತ ಅಮ್ಮಾಗ ಮಾತು ಕೊಟ್ಟಾನ. ಅಲ್ಲೀ ತನಕ ಕಾಯಾಕತ್ತಾನ."

ಮೆಹರಾಜ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಚೆನ್ನಾಗಿ ಕಲಿತಷ್ಟೂ ಅವನು ಬೇಗ ಹೋಗುತ್ತಾನೆ... ಅಷ್ಟು ಶ್ರದ್ಧೆಯಿಂದ ಕಲಿಸುತ್ತಿದ್ದದ್ದು ಹೋಗುವ ಅವಸರಕ್ಕೋ?

ಆ ದಿನದಿಂದ ಅವಳು ಕಲಿತದ್ದನ್ನೆಲ್ಲ ಮರೆಯತೊಡಗಿದಳು. ಇದೇನು ಸುಲಭದ ಕೆಲಸವಲ್ಲ. ಕಾಲು ತಾನಾಗಿಯೇ ಸರಿಯಾದ ಕಡೆ ಹೋಗುತ್ತಿತ್ತು, ಅವಳು ಹಿಂದೆ ಎಳೆದುಕೊಳ್ಳಬೇಕಾಗುತ್ತಿತ್ತು. ಬೇಕಂತಲೇ ಗಾಡಿ ಬಂದ್ ಬೀಳಿಸಿದಳು. ಸಣ್ಣ ಹಿಡಿಕೆ ಎಳೆಯದೆ ಕೆಸರಿಗೆ ನುಗ್ಗಿ ಹೂತಳು. ನಿಲ್ಲಬಾರದ ಕಡೆ ನಿಂತಳು. ಮೈಬೂಬ ಬೈಯಲಿಲ್ಲ. ಪ್ರತಿ ಸಲ ಇಳಿದು ಕಟ್ಟಿಗೆ ಒಡ್ಡಿ, "ಇರ್ಲಿ ಬಿಡ್ರಿ ಆಪಾ, ನಾಳಿ ನೋಡೂಣು," ಅಂದ.

ಹೀಗೆ ನಾಲ್ಕು ದಿನ. ಐದನೆಯ ದಿನ ಅವನು ಬದಲಾದ.

"ಗೇರ್ ಹಾಕಬೇಕು," ಅಂದ. ಅಷ್ಟೇ.

ಮೆಹರಾಜ ಕಾದಳು. ಮಾತಿನ ತುದಿಗೆ ಬರಬೇಕಾದದ್ದು ಬರಲಿಲ್ಲ.

"ಇಲ್ಲಿ ಎಡಕ್ಕ ಹೊಳ್ಳಬೇಕು... ಇಲ್ಲಿ ಇಳಿದು ನೋಡಬೇಕು."

ಗಾಡಿಗೆ ಹೇಳುತ್ತಿದ್ದಾನೋ, ಗಾಳಿಗೆ ಹೇಳುತ್ತಿದ್ದಾನೋ. ಆಪಾ ಇಲ್ಲ, ನೀವು ಇಲ್ಲ, ಕೊನೆಗೆ ಒಂದು 'ರಿ' ಕೂಡ ಇಲ್ಲ. ಮುಖ ಹೊಲದ ಕಡೆ. ಹಿಂದೆ ಮಾಬುಬಿಯ ಗೊರಕೆ ಮಾತ್ರ ಇದ್ದ ಹಾಗೇ ಇತ್ತು.

ನನ್ನ ಕಳ್ಳಾಟ ಗೊತ್ತಾಗಿದೆ ಇವನಿಗೆ... ಅಂದುಕೊಂಡಳು ಮೆಹರಾಜ. ಕೆಲಸ ಬಿಟ್ಟು ಕಾಯುತ್ತಿರುವವನನ್ನು ಆಟ ಆಡಿಸಿದೆ. ಈಗ ಕರೆಯುವಷ್ಟು ಮರ್ಯಾದೆಯೂ ಉಳಿದಿಲ್ಲ!

ಯಾವ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತೋ, ಅದೇ ಒಂದು ಶಬ್ದಕ್ಕೆ ಅವಳು ಹಂಬಲಿಸಿದಳು. ಒಂದು ದಿನ, ಎರಡು ದಿನ... ಹನ್ನೆರಡು ದಿನ. ಅವಳು ತಪ್ಪು ಮಾಡುವುದನ್ನೂ ಬಿಟ್ಟಳು, ಆದರೂ ಅವನು ಕರೆಯಲಿಲ್ಲ. ಡೋಣಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಹನ್ನೆರಡನೆಯ ದಿನ ಚಿತ್ತಿ ಮಳೆ ಹೊಡೆದು ನಿಂತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ದವಾಖಾನೆಯ ಬಾಗಿಲಲ್ಲಿ ಸೊಂಟದವರೆಗೆ ಕೆಸರಾದ ಒಬ್ಬ ಕುರುಬ ಬಂದು ನಿಂತ. ಹೆಸರು ಅಮಸಿದ್ದ.

"ಬಾಯಾರ, ನನ್ನ ಹೇಣ್ತಿ ಸಾತವ್ವ... ಹೊಳಿ ಆಚಿ ಹಟ್ಟ್ಯಾಗ ಅದಾಳ್ರಿ. ನಿನ್ನಿಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸಿನ ಕಾಲು ಮೊದಲ ಕಾಣಾಕತ್ತಾವಂತ್ರಿ."

ಮೆಹರಾಜ ಚೀಲ ಎತ್ತಿಕೊಂಡಳು. ಮೈಬೂಬ ಆಗಲೇ ಜೀಪಿನ ಹತ್ತಿರ ಇದ್ದ.

ಡೋಣಿಯ ದಂಡೆಯಲ್ಲಿ ಅವನು ಧೋತರ ಮೇಲೆ ಕಟ್ಟಿ, ಕೋಲು ಹಿಡಿದು ನೀರಿಗಿಳಿದ. ಮಳೆಗೆ ಹೊಳೆಯ ತಳ ಬದಲಾಗಿತ್ತು. ಹಳೆಯ ದಾಟುವ ಜಾಗ ಉಳಿದಿರಲಿಲ್ಲ. ಹೆಜ್ಜೆ ಹೆಜ್ಜೆಗೂ ತುಳಿದು ನೋಡುತ್ತ ಆಚೆ ದಂಡೆಯವರೆಗೆ ಹೋದವನು, ತಿರುಗಿ ಈಚೆಗೆ ಬಂದ.

"ಗಟ್ಟಿ ನೆಲ ಐತಿ. ಆದ್ರ ಸಪೂರ ಐತಿ, ಡೊಂಕು ಐತಿ. ತುಳದು ನೋಡಿದಂವಗ ಅಷ್ಟ ಗುರ್ತು ಸಿಗತೈತಿ. ನಾ ಹೊಳಿ ನಡಬರಕ, ಡೊಂಕಿನ ಬಾಯಾಗ ನಿಂದರತೇನಿ. ನನ್ನ ಗುರಿ ಹಿಡದು ಬರಬೇಕು. ನನ್ನ ಮುಟ್ಟೂ ಹಂಗ ಬಂದು ಬಲಕ್ಕ ಹೊಳ್ಳಬೇಕು. ನಿಂತ್ರ ಗಾಡಿ ಕುಂದರತೈತಿ, ಆಮ್ಯಾಲ ಏಳೂದಿಲ್ಲ."

"ನಿಮ್ಮ ಹತ್ರ ಬಂದಾಗ?"

"ನಿಂದ್ರಬಾರದು."

"ನಿಮ್ಮನ್ನ ಬಿಟ್ಟು ಹೋಗ್ಲಿ?"

ಹನ್ನೆರಡು ದಿನದಲ್ಲಿ ಮೊದಲ ಸಲ ಅವನು ಅವಳನ್ನು ನೆಟ್ಟಗೆ ನೋಡಿದ. "ಬಿಟ್ಟು ಹೋಗಬೇಕು," ಅಂದ.

ಇದೇ ಆ ದಾಟುವಿಕೆ. ಇಬ್ಬರಿಗೂ ಗೊತ್ತಿತ್ತು. ಪಕ್ಕದಲ್ಲಿ ಅವನಿಲ್ಲದೆ ಹೊಳೆ ದಾಟಿದರೆ ಅವನ ಮಾತು ತೀರಿತು. ಒಂದು ಸಲ ಗಾಡಿ ಬಂದ್ ಬೀಳಿಸಿದರೆ...

ಇಲ್ಲ. ಆಚೆ ದಂಡೆಯಲ್ಲಿ ಒಬ್ಬಳು ನರಳುತ್ತಿದ್ದಾಳೆ. ಮೆಹರಾಜ ಸಣ್ಣ ಹಿಡಿಕೆ ಎಳೆದಳು, ಹೆಬ್ಬೆಟ್ಟು ಹೊರಗಿಟ್ಟಳು. ಹಿಂದೆ ಮಾಬುಬಿಯೂ ಅಮಸಿದ್ದನೂ ಕುಳಿತರು. ಗಾಡಿ ನೀರಿಗಿಳಿಯಿತು.

ಕಪ್ಪು ನೀರು ಗಾಲಿಯ ಮೇಲೇರಿತು. ಜಾರಿದರೆ ಜಾರಲಿ. ಜಗಳಾಡಬೇಡ. ಅವಳ ಕಣ್ಣು ಒಂದೇ ಕಡೆ ನೆಟ್ಟಿತ್ತು. ತೊಡೆಮಟ್ಟದ ನೀರಿನಲ್ಲಿ ಎರಡೂ ಕೈ ಚಾಚಿ ನಿಂತ ಮನುಷ್ಯ ದೊಡ್ಡವನಾಗುತ್ತ, ಹತ್ತಿರವಾಗುತ್ತ ಬಂದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಬಲಕ್ಕೆ ಕೈ ತೋರಿಸಿದ. ಅವಳು ಹೊರಳಿಸಿದಳು. ಗಾಡಿ ಎಬ್ಬಿಸಿದ ನೀರು ಅವನ ಎದೆಗೆ ಅಪ್ಪಳಿಸಿತು. ಅವನು ಹಿಂದೆ ಉಳಿದ.

ಆಚೆ ದಂಡೆ ಹತ್ತಿದಾಗ ಅವಳ ಕಣ್ಣು ಮಂಜಾಗಿತ್ತು. ಒರೆಸಿಕೊಳ್ಳಲು ಗಾಡಿ ನಿಲ್ಲಿಸಲಿಲ್ಲ.

ಹೊತ್ತು ಮುಳುಗುವ ಮೊದಲು ಸಾತವ್ವ ಹೆಣ್ಣು ಕೂಸು ಹಡೆದಳು. ಕಾಲು ಮುಂದಾದ ಹೆರಿಗೆ, ಆದರೆ ತಾಯಿ ಮಗು ಇಬ್ಬರೂ ಉಳಿದರು. ಕೂಸು ಅತ್ತಾಗ ಮೆಹರಾಜಳೂ ಅತ್ತಳು. ಖುಷಿಗೆ ಅಂದುಕೊಂಡರು ಹಟ್ಟಿಯವರು. ಅರ್ಧ ಮಾತ್ರ ನಿಜ.

ಬೆಳಗಾಗುತ್ತಲೇ ಹೊಳೆ ಇಳಿದಿತ್ತು. ಹಟ್ಟಿಯವರ ರೊಟ್ಟಿ ಮೊಸರು ತಿಂದು, ನಿನ್ನೆಯ ಜಾಡನ್ನೇ ಹಿಡಿದು ಮೆಹರಾಜ ಒಂದೇ ಸಮ ಈಚೆ ದಂಡೆಗೆ ಬಂದಳು. ಅವಳಿಗಾಗಿ ಯಾರೂ ನೀರಿನಲ್ಲಿ ನಿಲ್ಲಬೇಕಾಗಲಿಲ್ಲ.

ಮೈಬೂಬ ದಂಡೆಯ ಜಾಲಿ ಗಿಡದ ಕೆಳಗೆ ಕುಳಿತಿದ್ದ. ಮನೆಗೆ ಹೋಗಿರಲಿಲ್ಲ. ಬಟ್ಟೆಯ ಮೇಲೆ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಗಾಡಿ ನಿಂತಿತು. ಅವಳು ಇಳಿಯಲಿಲ್ಲ.

"ಹಡದಾಳ್ರಿ. ಹೆಣ್ಣು. ಇಬ್ಬರೂ ಅರಾಮ ಅದಾರ," ಎಂದಳು. ಆಮೇಲೆ ಸ್ಟೇರಿಂಗ್ ನೋಡುತ್ತ, "ಎರಡ ಸಲ ದಾಟಿದೆ. ನಿಮ್ಮ ಮಾತು ತೀರಿತು. ಕೊಯ್ನಾಕ್ಕ ಹೋಗಬಹುದು ನೀವು."

ಅವನು ಎದ್ದು ನಿಂತ. ಒಣಗಿದ ಕೆಸರು ಕೊಡವಿಕೊಂಡ. ಮೆಹರಾಜಳ ಸಹನೆಯ ಕಟ್ಟೆ ಒಡೆಯಿತು.

"ಹೋಗೂದರಾಗ ಒಂದ ಸಲ ಬಾಯಿ ಬಿಟ್ಟು ಕರೀರಿ. ನಾ ಬೇಕಂತ ತಪ್ಪು ಮಾಡಿದೆ, ನಿಮ್ಮನ್ನ ಇಟಗೋಬೇಕಂತ ಮಾಡಿದೆ. ನಿಮಗ ತಿಳೀತು, ಸಿಟ್ಟು ಬಂತು. ಒಪ್ಪತೇನಿ. ಅದಕ್ಕ ಹನ್ನೆರಡು ದಿನ ಆಪಾ ಸುದ್ದಾ ಅನ್ನದ ಇರೂದೇನು? ಅಷ್ಟು ಅಸಹ್ಯ ಆದ್ನೇನು ನಿಮಗ?"

ಮೈಬೂಬ ಕಣ್ಣು ಪಿಳಿಪಿಳಿ ಬಿಟ್ಟ.

"ಬೇಕಂತ ಮಾಡಿದ್ರಿ?"

"ಗೊತ್ತಿರಲಿಲ್ಲೇನು?"

"ಇಲ್ರಿ..." ಅವನು ಹತ್ತಿರ ಬಂದ. "ನನಗ ಗೊತ್ತಾಗಿದ್ದು ಬ್ಯಾರೇನ ಐತಿ. ನೀವು ಒಂದೊಂದ ಸಲ ತಪ್ಪಿದಾಗೂ ನನಗ ಖುಷಿ ಆಗಾಕತ್ತಿತ್ತು. ಇನ್ನೊಂದು ದಿನ ಸಿಕ್ಕಿತು ಅಂತ. ಕಲಸಾವಗ ಹಂಗ ಆಗಬಾರದ್ರಿ. ಯಾಕ ಆಗಾಕತ್ತೈತಿ ಅಂತ ವಿಚಾರ ಮಾಡಿದೆ. ತಿಳೀತು. ತಿಳಿದ ದಿನದಿಂದ ಆ ಶಬ್ದ ಬಾಯಿಗೆ ಬರವಲ್ದು. ಮನಸಿನಾಗ ಒಂದು ಇಟಗೊಂಡು ಬಾಯಿಲೆ ಅಕ್ಕ ಅನ್ನೂದು ಸುಳ್ಳಾಗತೈತಿ. ಬ್ಯಾರೆ ಏನರ ಅನ್ನಾಕ ನನಗ ಹಕ್ಕಿರಲಿಲ್ಲ. ಅದಕ್ಕ ಏನೂ ಅನ್ನಲಿಲ್ಲ."

ಮೆಹರಾಜ ಅವನ ಕಡೆ ತಿರುಗಿದಳು. ಹನ್ನೆರಡು ದಿನ ಸಿಟ್ಟು ಅಂದುಕೊಂಡದ್ದು...

"ಮತ್ತ ಹೇಳಬೇಕಿಲ್ಲೋ?" ಎಂದಳು.

"ಎಲ್ಲಿ ಹೇಳ್ಲಿ? ಗಾಡ್ಯಾಗ ಹೇಳಿದ್ರ, ನೀವು ಇಲ್ಲ ಅಂದ ಮ್ಯಾಲೂ ನನ್ನ ಬಾಜೂಕ ಕುಂತು ಮನೀಗೆ ಬರಬೇಕು. ಬ್ಯಾರೆ ಹಾದಿ ಇರಲಿಲ್ಲ ನಿಮಗ. ಈಗ ಸ್ಟೇರಿಂಗ್ ನಿಮ್ಮ ಕೈಯಾಗೈತಿ, ನಾ ನೆಲದ ಮ್ಯಾಲ ಅದೇನಿ. ನಾ ನಿಮ್ಮನ್ನ ಮದಿವಿ ಆಗಬೇಕಂತ ಮಾಡೇನಿ. ಹೂಂ ಅಂದ್ರ ಮನಗೂಳ್ಯಾಗ ಲಾರಿ ಹೊಡೀತೇನಿ, ಕೇಳಿಟ್ಟೇನಿ. ಬ್ಯಾಡ ಅನಸಿದ್ರ ಗೇರ್ ಹಾಕಿ ಹೋಗಿಬಿಡ್ರಿ. ನಾ ನಡಕೋತ ಬರ್ತೇನಿ. ಒಂದು ಮಾತೂ ಕೇಳೂದಿಲ್ಲ."

ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಮಂಜು ಜೋಳದ ಮೇಲಿಂದ ಮೆಲ್ಲಗೆ ಏಳುತ್ತಿತ್ತು. ಮೆಹರಾಜ ಹಾಗೇ ಕುಳಿತಳು. ಈ ಗಳಿಗೆ ಮುಗಿಯಬಾರದು ಅನ್ನಿಸಿತು ಅವಳಿಗೆ.

"ಮೆಹರಾಜ," ಹಿಂದಿನ ಸೀಟಿನಿಂದ ಸೆರಗು ಮುಖಕ್ಕೆ ಹೊದ್ದ ಮಾಬುಬಿಯ ದನಿ ಬಂತು. "ನಾ ಮಲಗೇನಿ, ನನಗೇನೂ ಕೇಳಸೂದಿಲ್ಲ. ಆದ್ರ ಏನ ಹೇಳತಿ ಲಗೂ ಹೇಳು. ಬಿಸಿಲು ಏರಾಕತ್ತೈತಿ."

ಮೆಹರಾಜ ಗಾಡಿ ಚಾಲೂ ಮಾಡಿದಳು. ಗೇರ್ ಹಾಕಿದಳು. ಮೈಬೂಬನ ಮುಖ ಇಳಿಯಿತು. ಕೊಟ್ಟ ಮಾತಿನಂತೆ, ಒಂದು ಮಾತೂ ಆಡದೆ ಪಕ್ಕಕ್ಕೆ ಸರಿದು ಹಾದಿ ಬಿಟ್ಟ.

"ಸರದು ಎಲ್ಲಿ ಹೊಂಟೀರಿ?" ಎಂದಳು ಮೆಹರಾಜ. "ಗಾಡಿ ಹತ್ರಿ."

"ಎಲ್ಲಿಗ್ರಿ?"

"ಮೊದಲ ಅಮ್ಮನ ಮುಂದ. ಆಮ್ಯಾಲ ಅಮ್ಮನ್ನೂ ಕರಕೊಂಡು ಇಂಡಿಗೆ, ಅಬ್ಬಾನ ಮುಂದ. ನನಗ ಹೇಳಿದ್ದ ಮಾತು ಅಲ್ಲೂ ಹೇಳಬೇಕು ನೀವು. ಹಾದಿ ನನಗ ಗೊತ್ತೈತಿ, ನಾ ಹೊಡೀತೇನಿ."

ಅವನು ಸುತ್ತಿ ಬಂದು ಹತ್ತಿದ. ದಿನವೂ ಕೂರುತ್ತಿದ್ದ ಸೀಟೇ ಅದು. ಆದರೂ ಹೊಸ ಮನೆಗೆ ಬಂದವನ ಹಾಗೆ ಮೈ ಹಿಡಿ ಮಾಡಿಕೊಂಡು ಕುಳಿತ. ಗಾಡಿ ಎರೆ ಹೊಲದ ಅಂಚಿಗೆ ಹೊರಳಿತು.

"ಒಂದು ಮಾತು ಐತ್ರಿ," ಅಂದ ಮೈಬೂಬ, ಹೊಲದ ಕಡೆ ನೋಡದೆ ಅವಳ ಕಡೆಯೇ ನೋಡುತ್ತ. "ಆಪಾ ಅಂತೂ ಅನ್ನಾಕ ಬರೂದಿಲ್ಲ. ಹೆಸರು ಹಿಡದು ಕರಿಯಾಕ ಇನ್ನೂ ನಾಚಿಕಿ ಬರತೈತಿ. ನಿಮ್ಮನ್ನ ಏನಂತ ಕರೀಲಿ?"

ಮೆಹರಾಜ ಹಾದಿಯಿಂದ ಕಣ್ಣು ತೆಗೆಯಲಿಲ್ಲ. ಕೆನ್ನೆ ಮಾತ್ರ ಕೆಂಪಾಯಿತು.

"ಕರಿಯೂದು ದೂರ ಇದ್ದವರನ್ನ," ಎಂದಳು. "ನೀವು ಬಾಜೂಕ ಕುಂತೀರಲ್ಲ."